ಉದ್ಯಾನದ ಅಂದಾಜುಪಟ್ಟಿ ಮೊದಲು ಬಡಾವಣೆಯವರ ಮುಂದೆ ಬರಲಿ

ನಮಸ್ಕಾರ. ಬೆಂಗಳೂರಿನ ಉದ್ಯಾನಗಳ ವಿಷಯದಲ್ಲಿ ಸ್ಥಳೀಯರ ಸಹಭಾಗಿತ್ವ ಎಂದೊಡನೆ ನಮಗೆ ನೆನಪಾಗುವುದು ಜೂನ್ 5ರಂದು ಸಸಿ ನೆಡುವ ಕಾರ್ಯಕ್ರಮ ಮತ್ತು ಅದರ ಫೋಟೊ. ಸಸಿಗೆ ನೀರೆರೆದು, ಭಾಷಣ ಕೇಳಿ ಮನೆಗೆ ಮರಳುವುದಷ್ಟೇ ನಿವಾಸಿಗಳ ಪಾಲಿನ ಕೆಲಸ ಎಂಬುದನ್ನು ನಾನು ಒಪ್ಪುವುದಿಲ್ಲ. ಕಾಮಗಾರಿಯ ಅಂದಾಜುಪಟ್ಟಿ ತಯಾರಾಗುವಾಗಲೇ, ಅಂದರೆ ಟೆಂಡರ್ ಕರೆಯುವ ಮುನ್ನವೇ, ಅವರ ಮಾತು ಲೆಕ್ಕಕ್ಕೆ ಬರಬೇಕು.

ಯಾವುದಾದರೂ ಬಡಾವಣೆಯ ಸಣ್ಣ ಪಾರ್ಕಿಗೆ ಹೋಗಿ ನೋಡಿ. ಹೊಂಗೆ ಮರದ ಬುಡಕ್ಕೆ ಒತ್ತಿಕೊಂಡಂತೆ ಸಿಮೆಂಟ್ ಕಲ್ಲು ಹಾಸಿರುತ್ತಾರೆ. ಬೇರು ದಪ್ಪವಾದಂತೆ ಹಾಸು ಉಬ್ಬುತ್ತದೆ, ವಾಕಿಂಗ್ ಬರುವ ಹಿರಿಯರು ಎಡವುತ್ತಾರೆ, ಕೊನೆಗೆ ಅದನ್ನೇ ಕಿತ್ತು ಮತ್ತೆ ಹಾಸಲು ಇನ್ನೊಂದು ಬಿಲ್ಲು ಸಿದ್ಧವಾಗುತ್ತದೆ. ಮಳೆನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಯಾವ ದೀಪ ಹತ್ತುವುದಿಲ್ಲ, ಕತ್ತಲಾದ ಮೇಲೆ ಹೆಣ್ಣುಮಕ್ಕಳು ಯಾವ ಹಾದಿಯನ್ನು ತಪ್ಪಿಸಿ ನಡೆಯುತ್ತಾರೆ ಎಂಬುದೆಲ್ಲ ಅಲ್ಲಿ ದಿನವೂ ಓಡಾಡುವವರಿಗೆ ಮತ್ತು ಅಲ್ಲಿನ ಮಾಲಿಗೆ ಗೊತ್ತು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತ್ತು. ಅಂಥ ಬೇಸಿಗೆ ಕಂಡ ಊರಿನಲ್ಲಿ ಹುಲ್ಲುಹಾಸು ಬೇಕೇ, ನೆರಳಿನ ಮರ ಬೇಕೇ ಎಂಬುದನ್ನು ಗುತ್ತಿಗೆದಾರರ ಅನುಕೂಲಕ್ಕೆ ಬಿಡುವುದು ಸರಿಯಲ್ಲ.

ನಿವಾಸಿಗಳಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಮಂಜೂರು ಮಾಡಿದಾಗ ಕೋರ್ಟಿಗೆ ಹೋದವರು ಅಲ್ಲಿನ ನಿವಾಸಿಗಳೇ. 1991ರಲ್ಲಿ ಸುಪ್ರೀಂ ಕೋರ್ಟ್ ಆ ಮಂಜೂರಾತಿ ಸಲ್ಲದೆಂದು ಹೇಳಿದ್ದಷ್ಟೇ ಅಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯವರಿಗಿದೆ ಎಂಬುದನ್ನೂ ಎತ್ತಿಹಿಡಿಯಿತು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನಿರ್ವಹಣೆಗಾಗಿ ಪಾಲಿಕೆಯು 2011ರಲ್ಲಿ ಸ್ಥಳೀಯರ ಟ್ರಸ್ಟಿನೊಂದಿಗೆ ಒಪ್ಪಂದ ಮಾಡಿಕೊಂಡಿತು. ಹಾಗಾಗಿ ಇದು ಈ ಊರಿಗೆ ಹೊಸತೇನಲ್ಲ.

ಆದರೆ ನಿವಾಸಿಗಳೆಂದರೆ ಯಾರು? ಸಂಘದ ಪದಾಧಿಕಾರಿಗಳಾದ ನಾಲ್ಕು ಜನ ಮನೆಮಾಲೀಕರು ಮಾತ್ರವೇ? ಬಾಡಿಗೆಗಿರುವವರು, ಮನೆಗೆಲಸಕ್ಕೆ ಬರುವ ಮಹಿಳೆಯರು, ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳು ಹುಡುಕುವ ಡೆಲಿವರಿ ಹುಡುಗರು ಆ ಸಭೆಗಳಲ್ಲಿ ಕಾಣಿಸುವುದೇ ಇಲ್ಲ. ಪಾರ್ಕಿನ ಗೇಟಿಗೆ ಹಗಲು ಹೊತ್ತಿನಲ್ಲಿ ಬೀಗ ಹಾಕುವ ಪದ್ಧತಿ ವರ್ಷಗಟ್ಟಲೆ ನಡೆದದ್ದೂ ಅದಕ್ಕೇ ಇರಬೇಕು ಎಂಬುದು ನನ್ನ ಗುಮಾನಿ; ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ತೀರ್ಮಾನ ಬರಲು 2024ರವರೆಗೆ ಕಾಯಬೇಕಾಯಿತು.

ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ; 2025ರಲ್ಲಿ ಒಂದು ಪಾಲಿಕೆ ಐದಾಯಿತು. ಈ ಐದೂ ಪಾಲಿಕೆಗಳು ಮಾಡಬೇಕಾದ ಮೊದಲ ಕೆಲಸಕ್ಕೆ ಹೆಚ್ಚು ಹಣವೇನೂ ಬೇಡ. ಅಂದಾಜುಪಟ್ಟಿಯನ್ನೂ ನಕ್ಷೆಯನ್ನೂ ಕನ್ನಡದಲ್ಲಿ ಪಾರ್ಕಿನ ಗೇಟಿಗೇ ಅಂಟಿಸಲಿ, ವಾರ್ಡ್ ಸಮಿತಿಯ ಸಭೆಯನ್ನು ಭಾನುವಾರ ಆ ಪಾರ್ಕಿನಲ್ಲೇ ಕರೆಯಲಿ, ಬಂದ ಆಕ್ಷೇಪಗಳಿಗೆ ಎಂಜಿನಿಯರ್ ಲಿಖಿತ ಉತ್ತರ ಕೊಡುವವರೆಗೆ ಟೆಂಡರ್ ಕರೆಯದಿರಲಿ. ನಾಯಿ ತರುವವರಿಗೂ ಮಕ್ಕಳನ್ನು ಕರೆತರುವವರಿಗೂ ಅಲ್ಲಿ ಜಗಳವಾಗುತ್ತದೆ, ನಿಜ. ಕಾಂಕ್ರೀಟ್ ಬೀಳುವ ಮುಂಚೆಯೇ ಆಗಲಿ.