ಮೂರನೇ ಪ್ರಶ್ನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸದಾಗಿ ಬಂದಿರುವ ಭಾರೀ ಶಕ್ತಿಯ ಕಾರುಗಳ ಬಗ್ಗೆ, ಐಷಾರಾಮಿ ಕಾರುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ರೇಡಿಯೋ ಮುಂದೆ ಯಾರು ಕೂತಿದ್ದೀರಿ ಅಂತ ನನಗೆ ಒಂದು ಅಂದಾಜಿದೆ. ಗೋಡೆ ಮೇಲೆ ಕೆಂಪು ಕಾರಿನ ಚಿತ್ರ ಅಂಟಿಸಿಕೊಂಡ ಹುಡುಗರು, ಹುಡುಗಿಯರು ಇದ್ದೀರಿ. ಪಕ್ಕದಲ್ಲೇ "ಇದೇನು ಇವರ ಹುಚ್ಚು" ಅಂತ ನೋಡುತ್ತಿರುವ ಅಪ್ಪ ಅಮ್ಮಂದಿರೂ ಇದ್ದೀರಿ. ಇಬ್ಬರಿಗೂ ಸೇರಿಸಿಯೇ ಮಾತಾಡುತ್ತೇನೆ.

ನಾನು ಬ್ರೇಕ್ ಪರೀಕ್ಷೆ ಮಾಡುವ ಎಂಜಿನಿಯರ್. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಕಾರು ಪರೀಕ್ಷೆ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಎರಡು ಪ್ರಶ್ನೆ ಕೇಳುತ್ತಾರೆ. ಟಾಪ್ ಸ್ಪೀಡ್ ಎಷ್ಟು? ಪಿಕಪ್ ಹೇಗಿದೆ? ಮೂರನೇದು ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ನಿಲ್ಲೋದು ಹೇಗೆ? ನಾನು ಇವತ್ತು ಬಂದಿರುವುದು ಆ ಪ್ರಶ್ನೆಗೋಸ್ಕರ.

ಬುಗಾಟಿ ಶಿರಾನ್ ಹೆಸರು ಕೇಳಿರುತ್ತೀರಿ. 8 ಲೀಟರ್ ಎಂಜಿನ್, 16 ಸಿಲಿಂಡರ್, 1500 ಅಶ್ವಶಕ್ತಿ. 2017ರಲ್ಲಿ ಆ ಕಂಪನಿಯವರು ಒಂದು ಪರೀಕ್ಷೆ ಮಾಡಿದರು. ನಿಂತ ಜಾಗದಿಂದ ಹೊರಟು ಗಂಟೆಗೆ 400 ಕಿಲೋಮೀಟರ್ ವೇಗ ಮುಟ್ಟಬೇಕು, ಮತ್ತೆ ಪೂರ್ತಿ ನಿಲ್ಲಬೇಕು. ರೇಸ್ ಚಾಲಕ ಹುವಾನ್ ಪಾಬ್ಲೋ ಮೊಂಟೋಯ ಓಡಿಸಿದರು. ಎಲ್ಲಾ ಸೇರಿ ಹಿಡಿದದ್ದು 42 ಸೆಕೆಂಡ್. ಪತ್ರಿಕೆಗಳೆಲ್ಲಾ ಆ 42ನ್ನು ದೊಡ್ಡದಾಗಿ ಬರೆದವು. ನಾನು ಮಾತ್ರ ಅದನ್ನು ಎರಡು ಭಾಗ ಮಾಡಿ ನೋಡಿದೆ. 400 ಮುಟ್ಟೋಕೆ ಸುಮಾರು 32 ಸೆಕೆಂಡ್ ಬೇಕಾಯಿತು. ನಿಲ್ಲೋಕೆ? ಬರೀ 9 ಸೆಕೆಂಡ್ ಚಿಲ್ಲರೆ. ಓಡಿ ಮುಟ್ಟೋಕೆ ಎರಡೂವರೆ ಕಿಲೋಮೀಟರಿಗಿಂತ ಜಾಸ್ತಿ ದಾರಿ, ನಿಲ್ಲೋಕೆ 491 ಮೀಟರ್.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಿ. 1500 ಕುದುರೆ ಅರ್ಧ ನಿಮಿಷ ಎಳೆದು ಕೂಡಿಸಿದ ಶಕ್ತಿಯನ್ನೆಲ್ಲಾ 9 ಸೆಕೆಂಡಿನಲ್ಲಿ ಕಳೆಯಬೇಕು. ಕಾರಿನ ಹಿಂಬದಿಯಲ್ಲಿ ಒಂದು ಹಲಗೆ ಇರುತ್ತದೆ, ಅದಕ್ಕೆ ರೆಕ್ಕೆ ಅಂತಾರೆ. ಅದು ಎದ್ದು ನಿಂತು ಗಾಳಿಗೆ ಎದೆಯೊಡ್ಡುತ್ತದೆ, ಅದೂ ಸಹಾಯ ಮಾಡುತ್ತದೆ. ಆದರೆ ಕೊನೆಗೆ ದುಡಿಯುವುದು ಚಕ್ರದ ಜೊತೆ ತಿರುಗುವ ನಾಲ್ಕು ಡಿಸ್ಕು, ಅವನ್ನು ಒತ್ತಿ ಹಿಡಿಯುವ ಪ್ಯಾಡು, ನಾಲ್ಕು ಟೈರು. ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಮ್ಮಿ ನಿಮ್ಮ ಅಂಗೈಯಷ್ಟು ಜಾಗದಲ್ಲಿ ಮಾತ್ರ. ಒಮ್ಮೆ ನಿಮ್ಮ ಅಂಗೈ ನೋಡಿಕೊಳ್ಳಿ.

ಇದರಲ್ಲಿ ದೊಡ್ಡ ಗಣಿತ ಏನಿಲ್ಲ. ವೇಗ ಎರಡು ಪಟ್ಟಾದರೆ ಓಡುವ ಕಾರಿನಲ್ಲಿ ಕೂಡಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಒಂದೂವರೆ ಟನ್ ತೂಕದ ಕಾರು 100ರ ವೇಗದಲ್ಲಿ ಬರುತ್ತಿದೆ ಅನ್ನಿ. ಅದನ್ನು ನಿಲ್ಲಿಸಿದಾಗ ಹುಟ್ಟುವ ಶಾಖದಲ್ಲಿ ಎರಡು ಲೀಟರಿಗೆ ತುಸು ಕಮ್ಮಿ ನೀರನ್ನು ಕುದಿಯುವ ಹದಕ್ಕೆ ತರಬಹುದು. ಅದೇ ಕಾರು 200ರಲ್ಲಿ ಬರುತ್ತಿದ್ದರೆ ಏಳು ಲೀಟರ್. ಎರಡು ಟನ್ನಿನ ಕಾರು 400ರಲ್ಲಿ ಬರುತ್ತಿದ್ದರೆ ಸುಮಾರು 40 ಲೀಟರ್! ಆ ಶಾಖವೆಲ್ಲಾ ಹೋಗುವುದು ಎಲ್ಲಿಗೆ? ಬಹುಪಾಲು ಬ್ರೇಕ್ ಡಿಸ್ಕಿಗೆ. ಅದಕ್ಕೇ ಕೇಳಿ ಅನ್ನುವುದು, ನಿಲ್ಲೋದು ಹೇಗೆ ಅಂತ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ನಮ್ಮ ಪರಿಚಯದವರ ಮಗ, ಇಪ್ಪತ್ನಾಲ್ಕು ವರ್ಷದ ಹುಡುಗ. ನಾಲ್ಕು ವರ್ಷ ಹಳೆಯದಾದ ಒಂದು ಸ್ಪೋರ್ಟ್ಸ್ ಸೆಡಾನ್ ಕೊಂಡಿದ್ದ. ಯಾವ ಕಂಪನಿಯದು ಅನ್ನುವುದು ಬೇಡ, ಆದ ತಪ್ಪಿಗೆ ಕಂಪನಿ ಕಾರಣವಲ್ಲ. ಎಂಜಿನ್ ಶಕ್ತಿ ಜಾಸ್ತಿ ಮಾಡಿಸಿದ್ದ. ಹೊಸ ಅಲಾಯ್ ಚಕ್ರ ಹಾಕಿಸಿದ್ದ. ಗುಡುಗುವ ಸೈಲೆನ್ಸರ್ ಬೇರೆ. ಒಂದು ದಿನ ನಮ್ಮ ಪರೀಕ್ಷಾ ಟ್ರ್ಯಾಕಿಗೆ ತಂದ. "ಮೇಡಂ, ಒಂದ್ಸಲ ಕೂತ್ಕೊಳ್ಳಿ, ಪಿಕಪ್ ನೋಡಿ" ಅಂದ. ಕೂತೆ. ನಿಜಕ್ಕೂ ಚೆನ್ನಾಗಿತ್ತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಅವನ ಮುಖದಲ್ಲಿ ಆ ಖುಷಿ ನೋಡೋಕೇ ಚೆಂದ.

"ಚೆನ್ನಾಗಿದೆಯಪ್ಪಾ. ಈಗ ನಿಲ್ಲಿಸಿ ತೋರಿಸು" ಅಂದೆ.

ಟ್ರ್ಯಾಕಿನ ಕೊನೆಯಲ್ಲಿ ಕೆಂಪು ಕೋನುಗಳನ್ನು ಇಟ್ಟಿದ್ದೆವು. 140ರಲ್ಲಿ ಬರಬೇಕು, ಮೊದಲ ಕೋನಿನ ಹತ್ತಿರ ಜೋರಾಗಿ ಬ್ರೇಕ್ ಒತ್ತಬೇಕು, ಕೊನೆಯ ಕೋನಿನ ಒಳಗೆ ನಿಲ್ಲಬೇಕು. ಹೀಗೆ ಹತ್ತು ಸಲ, ನಡುವೆ ವಿಶ್ರಾಂತಿ ಇಲ್ಲ. ಮೊದಲನೇ ಸಲ ಸೊಗಸಾಗಿ ನಿಂತಿತು. ಎರಡನೇದು, ಮೂರನೇದೂ ಹಾಗೇ. "ನೋಡಿದ್ರಾ ಮೇಡಂ" ಅಂದ. ನಾಲ್ಕನೇ ಸಲಕ್ಕೆ ಕಿಟಕಿಯಿಂದ ಸುಟ್ಟ ವಾಸನೆ ಬಂತು. ಕಾದ ಕಬ್ಬಿಣ, ಸುಟ್ಟ ರಬ್ಬರು ಎರಡೂ ಬೆರೆತ ವಾಸನೆ. ಆರನೇ ಸಲ ಕೊನೆಯ ಕೋನನ್ನು ಒಂದು ಕಾರಿನುದ್ದ ದಾಟಿ ನಿಂತಿತು. ಅವನು ಮಾತು ನಿಲ್ಲಿಸಿದ.

ಏಳನೇ ಸಲ. ಅವನು ಬ್ರೇಕ್ ಒತ್ತಿದ. ಪೆಡಲ್ ಕೆಸರಿಗೆ ಕಾಲಿಟ್ಟ ಹಾಗೆ ಮೆತ್ತಗೆ ಇಳಿದು ನೆಲಕ್ಕೆ ಕೂತಿತು. ಕೋನುಗಳು ಒಂದೊಂದಾಗಿ ಹಿಂದೆ ಹೋದವು. "ಬಿಟ್ಟು ಬಿಟ್ಟು ಒತ್ತು, ಗೇರ್ ಇಳಿಸು" ಅಂತ ಕೂಗಿದೆ. ಒತ್ತಿದ, ಇಳಿಸಿದ. ಟ್ರ್ಯಾಕಿನ ಆಚೆ ಇದಕ್ಕೆಂದೇ ಬಿಟ್ಟಿರುವ ಉದ್ದನೆಯ ಬಯಲಿದೆ. ಅದರ ಮಧ್ಯಕ್ಕೆ ಬರುವ ಹೊತ್ತಿಗೆ ಕಾರು ನಡಿಗೆಯ ವೇಗಕ್ಕೆ ಬಂತು. ಮುಂದಿನ ಚಕ್ರಗಳಿಂದ ಬಿಳಿ ಹೊಗೆ. ಅವನ ಕೈ ಹ್ಯಾಂಡ್‌ಬ್ರೇಕ್ ಕಡೆ ಹೋಯಿತು. ತಡೆದೆ. ಅಷ್ಟು ಕಾದಿರುವಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳಬಹುದು. "ಮೆಲ್ಲಗೆ ಓಡಿಸುತ್ತಾ ಇರು, ಗಾಳಿ ಆಡಲಿ" ಅಂದೆ. ಹತ್ತು ನಿಮಿಷ ಹಾಗೇ ಸುತ್ತಿದೆವು. ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಗೆ ಟಾರ್ಚ್ ಹಿಡಿದೆ. ಒಳಗಿದ್ದದ್ದು ಕಡು ಕಂದು. "ಇದನ್ನ ಯಾವಾಗ ಬದಲಾಯಿಸಿದ್ದು?" ಅಂದೆ. "ಎಂಜಿನ್ ಆಯಿಲ್ ಹೋದ ತಿಂಗಳೇ ಹಾಕಿಸಿದೀನಿ ಮೇಡಂ" ಅಂದ. ನಾನು ಕೇಳಿದ್ದು ಎಂಜಿನ್ ಆಯಿಲ್ ಬಗ್ಗೆ ಅಲ್ಲ!

ಆದದ್ದು ಇಷ್ಟೇ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಅದರ ಸ್ವಭಾವವೇ ಹಾಗೆ. ಡಾಟ್ 4 ಅನ್ನುವ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದರೊಳಗೆ ನೂರಕ್ಕೆ ನಾಲ್ಕು ಪಾಲಿಗಿಂತ ಸ್ವಲ್ಪ ಕಮ್ಮಿ ನೀರು ಸೇರಿತು ಅನ್ನಿ, ಆಗ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಆಗುತ್ತದೆ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ನಿಮ್ಮ ಕಾಲಿನ ಬಲವನ್ನು ಹಾಗೇ ಚಕ್ರಕ್ಕೆ ಒಯ್ಯುತ್ತದೆ. ಗುಳ್ಳೆ ಕುಗ್ಗುತ್ತದೆ. ನೀವು ಒತ್ತುತ್ತಿರುವುದು ಗುಳ್ಳೆಯನ್ನು, ಬ್ರೇಕನ್ನಲ್ಲ. ಆ ಸೈಲೆನ್ಸರಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಚೂರು ಸಾಕಿತ್ತು, ಆಯಿಲ್ ಬದಲಾಯಿಸೋಕೆ.

ಅವನ ಕಥೆಗೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಆದರೂ ಅದನ್ನು ಬಿಟ್ಟು ಹೊಸ ಕಾರುಗಳ ಬಗ್ಗೆ ಹೇಳೋಕೆ ನನಗೆ ಆಗುವುದಿಲ್ಲ. ಯಾಕೆ ಅಂದರೆ ಈ ಕಾರುಗಳಲ್ಲಿ ನಿಜವಾದ ಜಾಣ್ಮೆ ಇರುವುದೇ ಆ ಶಾಖವನ್ನು ಏನು ಮಾಡಬೇಕು ಅನ್ನುವುದರಲ್ಲಿ.

ಒಂದು ದಾರಿ ಸೆರಾಮಿಕ್ ಡಿಸ್ಕು. ಕಾರ್ಬನ್ ನಾರು ಸೇರಿಸಿ ಮಾಡಿದ್ದು. ಕಬ್ಬಿಣದ ಡಿಸ್ಕಿನ ಸುಮಾರು ಅರ್ಧ ತೂಕ, ಕಾದರೂ ಹಿಡಿತ ಬಿಡುವುದಿಲ್ಲ. ಇನ್ನೊಂದು ದಾರಿ ಗಾಳಿ. ಪೋರ್ಶೆ 911 ಜಿಟಿ3 ಆರ್‌ಎಸ್, 2022ರಲ್ಲಿ ಬಂದದ್ದು. 285ರ ವೇಗದಲ್ಲಿ ಗಾಳಿಯೇ ಅದನ್ನು 860 ಕಿಲೋ ಭಾರದಷ್ಟು ನೆಲಕ್ಕೆ ಒತ್ತುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ರೆಕ್ಕೆ ಎದ್ದು ಗಾಳಿಯನ್ನು ತಡೆಯುತ್ತದೆ. ಫೆರಾರಿ 296 ಜಿಟಿಬಿಯಲ್ಲಿ ಪೆಡಲ್ ಒತ್ತಿದ್ದನ್ನು ಕಂಪ್ಯೂಟರ್ ಓದಿಕೊಂಡು ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಬೇಕು ಅಂತ ಹಂಚುತ್ತದೆ. ಆ ಕಾರು 200ರಿಂದ ಪೂರ್ತಿ ನಿಲ್ಲೋಕೆ ತೆಗೆದುಕೊಳ್ಳುವುದು 107 ಮೀಟರ್. 830 ಅಶ್ವಶಕ್ತಿ ಅನ್ನುವುದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಈ 107ನ್ನು ಬರೆದಿಟ್ಟುಕೊಳ್ಳಿ.

ನನಗೆ ತುಂಬಾ ಇಷ್ಟವಾದದ್ದು ಮೂರನೇ ದಾರಿ. ಶಾಖ ಹುಟ್ಟೋಕೇ ಬಿಡದಿರುವುದು. ಎಲೆಕ್ಟ್ರಿಕ್ ಕಾರಿನಲ್ಲಿ ನಿಧಾನ ಮಾಡುವಾಗ ಮೋಟಾರೇ ಡೈನಮೋ ಆಗಿಬಿಡುತ್ತದೆ. ವೇಗ ಕರೆಂಟಾಗಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಪೋರ್ಶೆ ಟೈಕಾನ್ ದಿನನಿತ್ಯದ ಓಡಾಟದಲ್ಲಿ ನೂರಕ್ಕೆ ತೊಂಬತ್ತು ಸಲ ಡಿಸ್ಕನ್ನು ಮುಟ್ಟದೇ ನಿಧಾನವಾಗಬಲ್ಲದು ಅಂತ ಕಂಪನಿ ಹೇಳುತ್ತದೆ. 2024ರ ಮಾದರಿ ಹೀಗೆ 400 ಕಿಲೋವ್ಯಾಟ್‌ವರೆಗೆ ವಾಪಸ್ ಪಡೆಯುತ್ತದೆ. ಐನೂರಕ್ಕೂ ಜಾಸ್ತಿ ಕುದುರೆಗಳು ಹಿಂದಕ್ಕೆ ಎಳೆಯುತ್ತಿವೆ ಅಂದ ಹಾಗೆ! ಕ್ರೊಯೇಷಿಯಾದ ಎಲೆಕ್ಟ್ರಿಕ್ ಕಾರು ರಿಮಾಟ್ಸ್ ನೆವೆರಾ 2023ರಲ್ಲಿ ಆ 400 ಮುಟ್ಟಿ ನಿಲ್ಲುವ ಪರೀಕ್ಷೆಯನ್ನು 30 ಸೆಕೆಂಡಿನೊಳಗೇ ಮುಗಿಸಿತು.

ತೂಕದ ಬಗ್ಗೆ ಒಂದು ಮಾತು. 1980ರ ದಶಕದ ಮೊದಲ ಬಿಎಂಡಬ್ಲ್ಯು ಎಂ5 ಸುಮಾರು 1.4 ಟನ್ ಇತ್ತು. 2024ರ ಎಂ5 ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವಂಥದ್ದು. 727 ಅಶ್ವಶಕ್ತಿ, ತೂಕ 2.4 ಟನ್. ಅದನ್ನು ಕೊಳ್ಳುವವರು ಬರೀ 727 ನೋಡುತ್ತಾರೆ. ಆ ಜಾಸ್ತಿಯಾದ ಒಂದು ಟನ್ನನ್ನೂ ಯಾರೋ ನಿಲ್ಲಿಸಬೇಕು ಅಲ್ವಾ?

ಅಪ್ಪ ಅಮ್ಮಂದಿರೇ, "ಶ್ರೀಮಂತರ ಕಾರು, ನಮಗೇನು" ಅಂತ ರೇಡಿಯೋ ಆರಿಸಬೇಡಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಜಾರುವ ಕಾರನ್ನು ದಾರಿಗೆ ತರುವ ಇಎಸ್‌ಪಿ 1995ರಲ್ಲಿ ಅದೇ ಸಾಲಿನ ಕೂಪೆಗೆ ಬಂತು. ಇವತ್ತು ಎರಡೂ ಸಾಧಾರಣ ಕಾರುಗಳಲ್ಲೂ ಇವೆ. ದೊಡ್ಡ ಕಾರಿನಲ್ಲಿ ಇವತ್ತು ಕಂಡದ್ದು ನಾಳೆ ನಿಮ್ಮ ಮನೆ ಕಾರಿಗೂ ಇಳಿಯುತ್ತದೆ.

ಐಷಾರಾಮದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2020ರ ರೋಲ್ಸ್ ರಾಯ್ಸ್ ಘೋಸ್ಟ್‌ನಲ್ಲಿ ಸದ್ದು ತಡೆಯೋಕೇ 100 ಕಿಲೋಗೂ ಜಾಸ್ತಿ ಸಾಮಾನು ಹಾಕಿದರು. ಒಳಗೆ ಎಷ್ಟು ಮೌನವಾಯಿತೆಂದರೆ ಕೂತವರಿಗೆ ಕಸಿವಿಸಿಯಾಗಿ, ಸಣ್ಣಗೆ ಒಂದು ಪಿಸುದನಿಯನ್ನು ಎಂಜಿನಿಯರುಗಳೇ ಉಳಿಸಬೇಕಾಯಿತು. ಕೆಲಸ ಅಂದರೆ ಅದು. ಆದರೆ ಡ್ಯಾಶ್‌ಬೋರ್ಡ್ ತುಂಬಾ ಟಚ್‌ಸ್ಕ್ರೀನ್ ಹಾಕುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 100ರ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 28 ಮೀಟರ್ ಹೋಗುತ್ತದೆ. ಏಸಿ ಕಮ್ಮಿ ಮಾಡೋಕೆ ಎರಡು ಸೆಕೆಂಡ್ ಪರದೆ ನೋಡಿದರೆ 56 ಮೀಟರ್ ಹೋಯಿತು. ಒಳ್ಳೆಯ ಸ್ಪೋರ್ಟ್ಸ್ ಕಾರು ಅದೇ ವೇಗದಿಂದ 35 ಮೀಟರಿನಲ್ಲಿ ನಿಲ್ಲುತ್ತದೆ. ಅಷ್ಟು ಕಷ್ಟಪಟ್ಟು ನಾವು ಉಳಿಸಿದ ಮೀಟರುಗಳನ್ನು ಪರದೆ ತಿಂದುಹಾಕುತ್ತದೆ! ಸದ್ಯ, ಗಾಳಿ ತಿರುಗುತ್ತಿದೆ. 2025ರ ಫೆರಾರಿ ಅಮಾಲ್ಫಿಯ ಸ್ಟೀರಿಂಗ್ ಮೇಲೆ ಒತ್ತುವ ಗುಂಡಿಗಳು ವಾಪಸ್ ಬಂದಿವೆ. ಬುಗಾಟಿ ಟೂರ್ಬಿಯೋನ್‌ನಲ್ಲಿ ಸ್ವಿಸ್ ಗಡಿಯಾರದವರು ಮಾಡಿದ ನಿಜವಾದ ಮುಳ್ಳಿನ ಮೀಟರುಗಳಿವೆ. ಲ್ಯಾಂಬೋರ್ಗಿನಿ ಟೆಮೆರಾರಿಯೋ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆ, ಅದರ ಬಗ್ಗೆಯೂ ಹೇಳಬೇಕಿತ್ತು. ಸಮಯವಿಲ್ಲ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ.

ಹೊರಡುವ ಮೊದಲು ಇಷ್ಟು ಮಾಡಿ. ನಾಳೆ ಬೆಳಿಗ್ಗೆ ನಿಮ್ಮ ಕಾರಿನ ಬಾನೆಟ್ ಎತ್ತಿ. ಡ್ರೈವರ್ ಕಡೆಗೆ, ಹಿಂಭಾಗದಲ್ಲಿ, ಸಾಮಾನ್ಯವಾಗಿ ಒಂದು ಸಣ್ಣ ಅರೆಪಾರದರ್ಶಕ ಡಬ್ಬಿ ಇರುತ್ತದೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ. ಮುಚ್ಚಳ ತೆಗೆಯಬೇಡಿ, ತೇವ ಸೇರುತ್ತದೆ. ಹೊರಗಿನಿಂದಲೇ ಟಾರ್ಚ್ ಹಿಡಿದು ಬಣ್ಣ ನೋಡಿ. ತಿಳಿ ಹಳದಿಯಿದ್ದರೂ ಎರಡು ವರ್ಷ ಆಗಿದ್ದರೆ ಬದಲಾಯಿಸಿ. ಕಂದು ಬಣ್ಣ ಕಂಡರೆ ವರ್ಷ ಎಣಿಸುತ್ತಾ ಕೂರಬೇಡಿ, ಮೊದಲು ಮೆಕ್ಯಾನಿಕ್‌ಗೆ ಫೋನ್ ಮಾಡಿ. ನಮಸ್ಕಾರ.