ಐದರ ಬಾಟಲಿ, ಇಪ್ಪತ್ತರ ಬಾಟಲಿ

ನಮಸ್ಕಾರ. ಬೆಳಗ್ಗೆ ಏಳೂವರೆಗೆ ಷಟರ್ ಎತ್ತಿ, ರಾತ್ರಿ ಉಳಿದ ನಾಯಿಗಳ ಪಂಜರಗಳನ್ನು ತೊಳೆಯುವ ಈ ದೃಶ್ಯವನ್ನು ನೀವು ಹಿಂದಿನ ವಿಡಿಯೊಗಳಲ್ಲಿ ನೋಡಿದ್ದೀರಿ. ಆದ್ದರಿಂದ ಅದನ್ನು ವಿವರಿಸದೆ ವಿಷಯಕ್ಕೆ ಬರುತ್ತೇನೆ. ಸುಮಾರು ಎರಡು ತಿಂಗಳು ನಾನು ಯಾವ ವಿಡಿಯೊವನ್ನೂ ಹಾಕಲಿಲ್ಲ. ಮೈ ಹುಷಾರಿಲ್ಲವೇ ಎಂದು ಹಲವರು ಕೇಳಿದಿರಿ. ಮೈಗೆ ಏನೂ ಆಗಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹಿರಿಯ ಪಶುವೈದ್ಯರೊಬ್ಬರ ದರ್ಪದಿಂದಾಗಿ, ಕ್ಯಾಮೆರಾ ಹಿಡಿಯುವುದಿರಲಿ, ಈ ಬಾಗಿಲು ದಾಟಿ ಒಳಗೆ ಬರುವುದೇ ನನಗೆ ಕಷ್ಟವಾಗಿತ್ತು. ಇಂದು ಅವರಿಗೆ ರಜೆ. ಕ್ಲಿನಿಕ್ಕಿನ ಮಾಲೀಕರಿಂದ ಒಪ್ಪಿಗೆ ಪಡೆದೇ ಮಾತನಾಡುತ್ತಿದ್ದೇನೆ. ಹೆಸರನ್ನಾಗಲಿ ಬೋರ್ಡನ್ನಾಗಲಿ ನಾನು ಎಂದೂ ತೋರಿಸಿಲ್ಲ, ಇಂದೂ ತೋರಿಸುವುದಿಲ್ಲ.

ಈಗ ಮೇಜಿನ ಮೇಲೆ ಕಾಣುತ್ತಿರುವ ನಾಯಿಮರಿಗೆ ಪಾರ್ವೊ ಸೋಂಕು ತಗುಲಿದೆ. ವಾಂತಿ ಮತ್ತು ರಕ್ತಭೇದಿಯಿಂದ ಮೈಯ ನೀರೆಲ್ಲ ಹೋದಾಗ ಮರಿಗಳ ರಕ್ತನಾಳಗಳು ಕುಗ್ಗಿ ಬೆರಳಿಗೇ ಸಿಗುವುದಿಲ್ಲ. ಹಳದಿ ಬಣ್ಣದ 24 ಗೇಜ್ ಕ್ಯಾನುಲಾವನ್ನು, ಅಂದರೆ ಡ್ರಿಪ್ ಹಾಕುವ ತೆಳು ಕೊಳವೆಯನ್ನು, ಮುಂಗಾಲಿಗೆ ಹಾಕುವಾಗ ಅನುಭವಿಗಳಿಗೂ ಒಮ್ಮೊಮ್ಮೆ ಎರಡು ಮೂರು ಬಾರಿ ಚುಚ್ಚಬೇಕಾಗುತ್ತದೆ. ನಾನು ಸೇರಿದ ಎರಡನೆಯ ವಾರದಲ್ಲಿ ಇಂಥದ್ದೇ ಒಂದು ಮರಿಗೆ ಎರಡನೆಯ ಬಾರಿ ಚುಚ್ಚಿದಾಗ ಆ ಹಿರಿಯರು ಮರಿಯ ಮಾಲೀಕರ ಎದುರಿನಲ್ಲೇ, "ಏನಮ್ಮಾ, ಐದೂವರೆ ವರ್ಷ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಇದನ್ನೇ ಕಲಿತಿದ್ದಾ? ಬಿಡು, ಬಿಡು, ಆಚೆ ನಿಲ್ಲು" ಎಂದು ನನ್ನ ಕೈಯಿಂದ ಕ್ಯಾನುಲಾ ಕಿತ್ತುಕೊಂಡರು. ಅವರು ಒಂದೇ ಬಾರಿಗೆ ರಕ್ತನಾಳ ಹಿಡಿದರು, ನಿಜ. ಅವರ ಕೈ ಚೆನ್ನಾಗಿದೆ, ಅದನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಆ ಮನೆಯವರು ಮುಂದೆ ನಾಲ್ಕು ದಿನ ಡ್ರಿಪ್ ಹಾಕಿಸಲು ಬಂದಾಗಲೂ, ನಾನು ಹತ್ತಿರ ಹೋದರೆ ಮರಿಯನ್ನು ಎದೆಗೆ ಅವುಚಿಕೊಂಡು, "ಸರ್ ಬರಲಿ" ಎನ್ನುತ್ತಿದ್ದರು. ಸರ್ ಹೊರಗೆ ಹೋಗಿದ್ದ ಒಂದು ದಿನ ಆ ಮರಿ ಚಿಕಿತ್ಸೆಗಾಗಿ ಒಂದು ಗಂಟೆ ಕಾಯಬೇಕಾಯಿತು.

ಅದಾದ ಮೇಲೆ ಇದು ನಿತ್ಯದ ಪಾಡಾಯಿತು. ನಾನು ಬರೆದ ಕೇಸ್ ಶೀಟನ್ನು ಎಲ್ಲರಿಗೂ ಕೇಳುವಂತೆ ಓದಿ ನಗುವುದು, ಸತತವಾಗಿ ಐದು ರಾತ್ರಿ ಪಾಳಿ ಹಾಕಿ ಆರನೆಯ ದಿನ ಬೆಳಗಿನ ಶಸ್ತ್ರಚಿಕಿತ್ಸೆಗೆ ನಿಲ್ಲಿಸುವುದು, ಬಾಯಿಮಾತಿನಲ್ಲಿ ಔಷಧ ಬದಲಿಸಿ, ತೊಂದರೆಯಾದರೆ "ನಾನು ಯಾವಾಗ ಹೇಳಿದೆ?" ಎನ್ನುವುದು. ಒಂದೊಂದನ್ನೂ ಬಿಡಿಯಾಗಿ ಹೇಳಿದರೆ ಕೇಳುವವರಿಗೆ ಸಣ್ಣದೆನಿಸುತ್ತದೆ. ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅವರೂ, "ದೊಡ್ಡವರು, ಬೈದರೆ ಬೈಯಲಿ" ಎಂದರು. ಆದರೆ ಪ್ರತಿದಿನ ಕೆಲಸಕ್ಕೆ ಹೊರಡುವ ಮುನ್ನ ಹೊಟ್ಟೆ ತೊಳಸುತ್ತಿದ್ದುದು, ಸ್ಕೂಟರನ್ನು ಎರಡು ಬೀದಿ ಹಿಂದೆಯೇ ನಿಲ್ಲಿಸಿ ಐದು ನಿಮಿಷ ಉಸಿರು ಹಿಡಿದು ಕೂರುತ್ತಿದ್ದುದು ಸಣ್ಣ ವಿಷಯವಾಗಿರಲಿಲ್ಲ.

ಈ ಔಷಧದ ಕಪಾಟನ್ನು ಕ್ಯಾಮೆರಾದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇಟ್ಟಿದ್ದೇನೆ. ಮೂರನೆಯ ಸಾಲಿನಲ್ಲಿರುವ ಎರಡು ಬಾಟಲಿಗಳನ್ನು ಗಮನಿಸಿ. ಎರಡೂ ಮೆಲಾಕ್ಸಿಕ್ಯಾಮ್, ಅಂದರೆ ನೋವು ಮತ್ತು ಊತಕ್ಕೆ ಕೊಡುವ ಚುಚ್ಚುಮದ್ದು. ಒಂದರಲ್ಲಿ ಮಿಲಿಲೀಟರಿಗೆ 5 ಮಿಲಿಗ್ರಾಂ ಔಷಧವಿದೆ, ಇನ್ನೊಂದರಲ್ಲಿ 20 ಮಿಲಿಗ್ರಾಂ. ನಮ್ಮ ಕ್ಲಿನಿಕ್ ಬೆಂಗಳೂರಿನ ಅಂಚಿನಲ್ಲಿರುವುದರಿಂದ ಅಪಾರ್ಟ್‌ಮೆಂಟಿನ ನಾಯಿ ಬೆಕ್ಕುಗಳಿಗೂ ಚಿಕಿತ್ಸೆ ಕೊಡುತ್ತೇವೆ, ಸುತ್ತಲಿನ ಹಳ್ಳಿಗಳ ಹಸುಗಳನ್ನು ನೋಡಲೂ ಹೋಗುತ್ತೇವೆ. 400 ಕಿಲೊ ತೂಗುವ ಹಸುವಿಗೆ ಕಿಲೊಗೆ ಅರ್ಧ ಮಿಲಿಗ್ರಾಂ ಲೆಕ್ಕದಲ್ಲಿ 200 ಮಿಲಿಗ್ರಾಂ ಬೇಕು. ಐದರ ಬಾಟಲಿಯಿಂದ ಕೊಟ್ಟರೆ 40 ಮಿಲಿಲೀಟರ್ ಚುಚ್ಚಬೇಕಾಗುತ್ತದೆ, ಇಪ್ಪತ್ತರ ಬಾಟಲಿಯಾದರೆ 10 ಸಾಕು. ಅದಕ್ಕಾಗಿಯೇ ಆ ಗಟ್ಟಿ ಔಷಧ ಇರುವುದು.

ಒಂದು ದಿನ ಬೀದಿಯಿಂದ ತಂದ 10 ಕಿಲೊ ತೂಕದ ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿತ್ತು. ಕಿಲೊಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಅದಕ್ಕೆ 2 ಮಿಲಿಗ್ರಾಂ ಕೊಡಬೇಕು, ಎಂದರೆ ಐದರ ಬಾಟಲಿಯಿಂದ 0.4 ಮಿಲಿಲೀಟರ್. ಹಿರಿಯರು ಕೈ ತೊಳೆಯುತ್ತಲೇ, "ಮೆಲಾಕ್ಸಿಕ್ಯಾಮ್ ಪಾಯಿಂಟ್ ನಾಲ್ಕು" ಎಂದು ಕೂಗಿ ಹೊರಟುಹೋದರು. ಕೆಲಸಕ್ಕೆ ಸೇರಿ ಎರಡು ತಿಂಗಳಷ್ಟೇ ಆಗಿದ್ದ ನಮ್ಮ ಸಹಾಯಕಿ ಹುಡುಗಿ ಪಾಯಿಂಟ್ ನಾಲ್ಕನ್ನು ಸಿರಿಂಜಿಗೆ ಎಳೆದು, ಬಾಟಲಿಯ ಜೊತೆಗೆ ಟ್ರೇಯಲ್ಲಿಟ್ಟು ನನ್ನ ಮುಂದೆ ಹಿಡಿದಳು. ಸೂಜಿಯ ಮುಚ್ಚಳ ತೆಗೆದ ಮೇಲೆ ನನಗೆ ಬಾಟಲಿಯ ಚೀಟಿ ಕಾಣಿಸಿತು. ಅದು ಇಪ್ಪತ್ತರ ಬಾಟಲಿ. ಚುಚ್ಚಿದ್ದರೆ ಆ ನಾಯಿಗೆ 2ರ ಬದಲು 8 ಮಿಲಿಗ್ರಾಂ, ನಾಲ್ಕು ಪಟ್ಟು ಔಷಧ ಹೋಗುತ್ತಿತ್ತು. ಈ ಜಾತಿಯ ಔಷಧ ಅತಿಯಾದರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಅರಿವಳಿಕೆಯಿಂದ ಈಗಷ್ಟೇ ಏಳುತ್ತಿರುವ, ರಕ್ತದೊತ್ತಡ ಇನ್ನೂ ಸರಿಹೋಗಿರದ ಪ್ರಾಣಿಯಲ್ಲಿ ಆ ಅಪಾಯ ಇನ್ನೂ ಹೆಚ್ಚು.

ನಾನು ಸಿರಿಂಜನ್ನು ಪಕ್ಕಕ್ಕಿಟ್ಟು, ಅನುಮಾನ ಬರಲಿಲ್ಲವೇ ಎಂದು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಬಂತು ಮೇಡಂ" ಎಂದಳು. ಹಾಗಾದರೆ ಏಕೆ ಕೇಳಲಿಲ್ಲ ಎಂದಾಗ, "ಹೋದ ವಾರ ಕೇಳಿದ್ದಕ್ಕೆ ಸರ್ ಎಲ್ಲರ ಮುಂದೆ, ಓದೋಕೆ ಬರಲ್ವಾ, ಎಷ್ಟನೇ ಕ್ಲಾಸು ನೀನು ಅಂದ್ರು. ಇನ್ನು ಕೇಳಬಾರದು ಅಂದ್ಕೊಂಡೆ" ಎಂದಳು. ಹಿಂದಿನ ವಾರ ಅವರು ಹಾಗೆಂದಾಗ ನಾನೂ ಅದೇ ಕೋಣೆಯಲ್ಲಿದ್ದೆ. ನನ್ನ ಸರದಿ ಬಾರದಿರಲಿ ಎಂದು ನಲ್ಲಿಯ ಕಡೆ ಮುಖ ತಿರುಗಿಸಿಕೊಂಡು, ಆಗಲೇ ತೊಳೆದಿದ್ದ ಕತ್ತರಿಗಳನ್ನು ಮತ್ತೆ ತೊಳೆಯುತ್ತಿದ್ದೆ. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಅಲ್ಲಿಯವರೆಗೆ ಇದು ನನಗೂ ಅವರಿಗೂ ನಡುವಿನ ವಿಷಯ, ನಾನು ಸಹಿಸಿಕೊಂಡರೆ ಅಲ್ಲಿಗೆ ಮುಗಿಯುತ್ತದೆ ಎಂದು ನಂಬಿದ್ದೆ. ಒಬ್ಬರ ದರ್ಪಕ್ಕೆ ಹೆದರಿ ಒಂದು ಕೋಣೆಯವರೆಲ್ಲ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ, ಅದರ ಬೆಲೆ ತೆರುವುದು ಮೇಜಿನ ಮೇಲೆ ಮಲಗಿರುವ, ನೋವನ್ನು ಬಾಯಿಬಿಟ್ಟು ಹೇಳಲಾರದ ಪ್ರಾಣಿ ಎಂಬುದು ಆ ಟ್ರೇ ನೋಡಿದಾಗ ನನಗೆ ಅರ್ಥವಾಯಿತು.

ಇಲ್ಲಿ ಕಾಣುತ್ತಿರುವುದು ನನ್ನ ನೋಟ್‌ಪುಸ್ತಕ. ಒಳಗಿನ ಪುಟಗಳನ್ನು ತೋರಿಸುವುದಿಲ್ಲ. ಆ ರಾತ್ರಿಯಿಂದ ಐದು ವಾರ ನಾನು ತಾರೀಖು, ಸಮಯ, ಆಡಿದ ಮಾತು, ಆಗ ಅಲ್ಲಿದ್ದವರು, ಅದರಿಂದ ಚಿಕಿತ್ಸೆಗೆ ಆದ ತೊಂದರೆ ಎಲ್ಲವನ್ನೂ ಅಂದಂದೇ ಬರೆದೆ. ಫೋನಿನಲ್ಲಿ ಗುಟ್ಟಾಗಿ ಧ್ವನಿ ಮುದ್ರಿಸಿಕೊಳ್ಳುವಂತೆ ಗೆಳತಿಯೊಬ್ಬಳು ಹೇಳಿದಳು. ಮೊದಲು ಸರಿಯೆನಿಸಿ ಒಂದು ದಿನ ಹಾಗೆ ಮಾಡಿಯೂ ಮಾಡಿದೆ. ಆದರೆ ಸಾಯುತ್ತಿರುವ ತಮ್ಮ ಬೆಕ್ಕಿನ ಬಗ್ಗೆ ಮಾತನಾಡುತ್ತಾ ಅತ್ತ ಮನೆಯವರ ದನಿಯೂ ಅದರಲ್ಲಿ ಸೇರಿಹೋಗಿತ್ತು. ಅಂದೇ ಅದನ್ನು ಅಳಿಸಿದೆ. ಬರೆದಿಡುವುದೇ ಒಳ್ಳೆಯದು ಎಂಬುದು ಈಗ ನನ್ನ ಅಭಿಪ್ರಾಯ.

ದೂರು ಕೊಡುವ ಮುನ್ನ ಅವರೊಂದಿಗೆ ನೇರವಾಗಿ ಮಾತನಾಡಿದೆ. ರಾತ್ರಿ ಕೊನೆಯ ಕೇಸ್ ಹೋದ ಮೇಲೆ, ಯಾರೂ ಇಲ್ಲದಿರುವಾಗ, ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನಷ್ಟೇ ಹೇಳಿದೆ: "ಸರ್, ನನ್ನದು ತಪ್ಪಿದ್ದರೆ ಒಳಗೆ ಕರೆದು ಹೇಳಿ, ತಿದ್ದಿಕೊಳ್ಳುತ್ತೇನೆ. ಪ್ರಾಣಿಗಳ ಮಾಲೀಕರ ಎದುರು, ಆ ಹುಡುಗಿಯ ಎದುರು ಹಾಗೆ ಮಾತನಾಡಬೇಡಿ." ಅವರು ಕೈ ಒರೆಸಿಕೊಳ್ಳುತ್ತಾ, "ನಾವೆಲ್ಲ ಬೈಸಿಕೊಂಡೇ ಕಲಿತವರು. ನಿಮ್ಮ ಬ್ಯಾಚಿನವರಿಗೆ ಚರ್ಮ ತೆಳು" ಎಂದರು. ಆ ರಾತ್ರಿ ನನಗೆ ಅವರ ಮೇಲೆ ಒಂದಿಷ್ಟು ಕನಿಕರ ಹುಟ್ಟಿದ್ದು ನಿಜ. ಅವರನ್ನೂ ಯಾರೋ ಹೀಗೆಯೇ ನಡೆಸಿಕೊಂಡಿರಬೇಕು ಎಂದುಕೊಂಡೆ. ಮರುದಿನ ಅವರು ಆ ಹುಡುಗಿಯನ್ನು ಮತ್ತೆ ಗದರಿದಾಗ ಆ ಕನಿಕರ ಉಳಿಯಲಿಲ್ಲ. ಬೈಗುಳದ ನೋವು ಗೊತ್ತಿರುವವರು ಅದನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕೆ ನಾನು ಕ್ಷಮೆ ಹುಡುಕುವುದಿಲ್ಲ.

ಕಾನೂನಿನಲ್ಲಿ ಏನಿದೆ ಎಂದೂ ಹುಡುಕಿದೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ರ್‍ಯಾಗಿಂಗ್ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮಾವಳಿ ತಂದಿತು. ಆದರೆ ಪದವಿ ಮುಗಿಸಿ ಕೆಲಸಕ್ಕೆ ಸೇರಿದವರ ಮೇಲೆ ಅದೇ ಹಿರಿಯ ಕಿರಿಯ ಬ್ಯಾಚಿನ ದರ್ಪ ನಡೆದರೆ, ಅದನ್ನು ಹೆಸರಿಸಿ ತಡೆಯುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಸ್ವೀಡನ್ ಇಂಥ ಕಿರುಕುಳದ ವಿರುದ್ಧ 1993ರಲ್ಲೇ ನಿಯಮ ಮಾಡಿತ್ತು. ನಮ್ಮಲ್ಲಿ 2013ರ ಕಾಯ್ದೆ ಲೈಂಗಿಕ ಕಿರುಕುಳಕ್ಕೆ ಮಾತ್ರ ಅನ್ವಯಿಸುತ್ತದೆ. ನನ್ನ ದೂರು ಆ ಬಗೆಯದಲ್ಲ. ಆದರೆ ನೋಡುತ್ತಿರುವ ತಂಗಿಯರಿಗೆ ಒಂದು ಮಾತು: ನಿಮ್ಮದು ಲೈಂಗಿಕ ಕಿರುಕುಳದ ದೂರಾಗಿದ್ದರೆ, ಹತ್ತಕ್ಕಿಂತ ಕಡಿಮೆ ಜನರಿರುವ ಕ್ಲಿನಿಕ್ಕಿನಲ್ಲಿ ಆಂತರಿಕ ಸಮಿತಿ ಇರುವುದಿಲ್ಲವೆಂದು ಸುಮ್ಮನಾಗಬೇಡಿ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು.

ಕೊನೆಗೆ ಕ್ಲಿನಿಕ್ಕಿನ ಮಾಲೀಕರ ಬಳಿ ಹೋದೆ. ಅವರೂ ಹಿರಿಯ ಪಶುವೈದ್ಯರೇ. "ಅವರ ಸ್ವಭಾವವೇ ಹಾಗಮ್ಮ, ಕೈ ಮಾತ್ರ ಚಿನ್ನ" ಎಂದು ಆರಂಭಿಸಿದರು. ನಾನು ನನ್ನ ನೋವಿನಿಂದ ಮಾತು ಆರಂಭಿಸಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತೇನೋ. ನಾನು ಪುಸ್ತಕ ತೆರೆದು ಬಾಟಲಿಯ ಘಟನೆಯನ್ನು ಮೊದಲು ಓದಿದೆ. ನಾಲ್ಕು ಪಟ್ಟು ಔಷಧ ಎಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಾಯಿಮಾತಿನ ಆದೇಶಗಳಿಂದಾದ ಗೊಂದಲ, ಕಾಯಬೇಕಾಗಿ ಬಂದ ಪಾರ್ವೊ ಮರಿ, ನಿದ್ದೆಯಿಲ್ಲದೆ ನಿಂತ ಶಸ್ತ್ರಚಿಕಿತ್ಸೆ, ಎಲ್ಲವನ್ನೂ ಓದಿದ ಮೇಲೆ ಅವರು ಮೂರು ಬದಲಾವಣೆಗಳನ್ನು ಮಾಡಿದರು. ಔಷಧ ಮತ್ತು ಪ್ರಮಾಣವನ್ನು ಮಿಲಿಗ್ರಾಂನಲ್ಲಿ ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕದೆ ಯಾರೂ ಸಿರಿಂಜು ತುಂಬಬಾರದು, ಪಾಳಿಯ ಪಟ್ಟಿಯನ್ನು ತಾವೇ ಹಾಕುತ್ತಾರೆ, ಪ್ರಾಣಿಗಳ ಮಾಲೀಕರ ಎದುರು ಯಾರೂ ಯಾರನ್ನೂ ಗದರುವಂತಿಲ್ಲ.

ಹಿರಿಯರು ಕ್ಷಮೆ ಕೇಳಲಿಲ್ಲ. ಮೂರು ವಾರ ನನ್ನೊಡನೆ ಮಾತೇ ಆಡಲಿಲ್ಲ, ಹೇಳಬೇಕಾದದ್ದನ್ನೆಲ್ಲ ಆ ಹುಡುಗಿಯ ಮೂಲಕ ಹೇಳಿಸಿದರು. ಕಳೆದ ವಾರವೂ ಒಮ್ಮೆ ದನಿ ಏರಿಸಿದರು. ಆದರೆ ಬಾಗಿಲ ಬಳಿ ಮಾಲೀಕರನ್ನು ಕಂಡು ತಗ್ಗಿಸಿದರು. ಅವರು ಬದಲಾಗಿದ್ದಾರೆಂದು ನಾನು ಹೇಳಲಾರೆ. ಕ್ಲಿನಿಕ್ಕಿನ ರೀತಿ ಮಾತ್ರ ಬದಲಾಗಿದೆ.

ಹಿಂದೊಮ್ಮೆ ಇದೇ ಚಾನೆಲ್ಲಿನಲ್ಲಿ, ಗೌರವ ಸಿಗದ ಕಡೆ ಒಂದು ದಿನವೂ ಇರಬೇಡಿ, ಬಿಟ್ಟುಬಿಡಿ ಎಂದು ಹೇಳಿದ್ದೆ. ಆ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಾಲ ತೀರಿಸಬೇಕಾದವರು, ಮನೆ ನಡೆಸುವವರು ಹಾಗೆ ಬಿಟ್ಟು ಹೋಗಲಾರರು. ನಾನು ಹೋಗಿದ್ದರೂ ಆ ಹುಡುಗಿ ಅಲ್ಲೇ ಉಳಿಯುತ್ತಿದ್ದಳು. ಆದರೆ ನಿದ್ದೆ ಹೋಗಿ, ಊಟ ಸೇರದೆ, ಬದುಕೇ ಬೇಡವೆನಿಸುವ ಮಟ್ಟಕ್ಕೆ ಬಂದಿದ್ದರೆ ಯಾವ ನೋಟ್‌ಪುಸ್ತಕವನ್ನೂ ಬರೆಯುತ್ತಾ ಕೂರಬೇಡಿ, ಅಂದೇ ಹೊರಗೆ ಬನ್ನಿ. ಇದನ್ನು ಹಗುರವಾಗಿ ಹೇಳುತ್ತಿಲ್ಲ. ಅಮೆರಿಕದಲ್ಲಿ 1979ರಿಂದ 2015ರವರೆಗೆ ತೀರಿಕೊಂಡ ಪಶುವೈದ್ಯರ ದಾಖಲೆಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ ಪುರುಷ ವೈದ್ಯರಲ್ಲಿ 2.1 ಪಟ್ಟು, ಮಹಿಳಾ ವೈದ್ಯರಲ್ಲಿ 3.5 ಪಟ್ಟು ಹೆಚ್ಚಿತ್ತು. ಅದಕ್ಕೆ ಹಲವು ಕಾರಣಗಳಿರಬಹುದು. ಜೊತೆಗೆ ಕೆಲಸ ಮಾಡುವವರ ಕ್ರೌರ್ಯ ಆ ಹೊರೆಯನ್ನು ಹೆಚ್ಚಿಸುತ್ತದೆ ಎಂಬುದನ್ನು ನಾನು ಆ ಎರಡು ಬೀದಿ ಹಿಂದೆ ಸ್ಕೂಟರಿನ ಮೇಲೆ ಕುಳಿತು ಅನುಭವಿಸಿದ್ದೇನೆ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಹಣವಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ಈಗ ಮತ್ತೆ ಕಪಾಟಿನ ಬಳಿ ಬಂದಿದ್ದೇವೆ. ಇಪ್ಪತ್ತರ ಬಾಟಲಿಗೆ ಕೆಂಪು ಟೇಪು ಸುತ್ತಿ, ಹಸುಗಳ ಔಷಧಗಳ ಜೊತೆಗೆ ಕೆಳಗಿನ ಸಾಲಿಗೆ ಇಳಿಸುತ್ತಿರುವವಳು ನಮ್ಮ ಸಹಾಯಕಿ. ಕೈ ಮಾತ್ರ ತೋರಿಸಿ, ಮುಖ ಬೇಡ ಎಂದಿದ್ದಾಳೆ. ಟೇಪು ಸುತ್ತುವ ಯೋಚನೆ ಅವಳದೇ. ಹಿಂದೆ ಕೇಳುತ್ತಿರುವುದು ಅವಳ ದನಿ: "ಮೇಡಂ, ಜೈಲಜಿನ್ ಬಾಟಲಿಯಲ್ಲೂ ಎರಡು ಥರ ಇದೆಯಲ್ಲ, ಅದಕ್ಕೂ ಸುತ್ತಲಾ?" ಮಂಪರು ಬರಿಸುವ ಆ ಔಷಧದಲ್ಲೂ ಎರಡು ಥರ ಇದೆ, ಸುತ್ತಬೇಕು. ನನಗೆ ಅದು ಹೊಳೆದೇ ಇರಲಿಲ್ಲ. ಹೊರಗೆ ಆಟೊ ನಿಂತ ಸದ್ದಾಯಿತು, ಯಾರೋ ಬೆಕ್ಕಿನ ಬುಟ್ಟಿ ಹಿಡಿದು ಇಳಿಯುತ್ತಿದ್ದಾರೆ. ಕ್ಯಾಮೆರಾ ನಿಲ್ಲಿಸುತ್ತೇನೆ.