ಆ ಮುದ್ದು ಮಗುವಿನ ಹಿಂದೆ ಒಬ್ಬ ಕಾವಲುಗಾರ

ನಮಸ್ಕಾರ. ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಮ್ಯಾಗ್ನೆಟ್ ಇದೆ. ಯಾರೋ ಪ್ರವಾಸ ಮುಗಿಸಿ ಬರುವಾಗ ತಂದುಕೊಟ್ಟಿದ್ದು. ಅದರಲ್ಲಿ ಇಬ್ಬರು ಪುಟ್ಟ ಮಕ್ಕಳು, ಬೆನ್ನಿಗೆ ಚಿಕ್ಕ ಚಿಕ್ಕ ರೆಕ್ಕೆ. ಒಬ್ಬ ಗದ್ದಕ್ಕೆ ಕೈ ಕೊಟ್ಟುಕೊಂಡಿದ್ದಾನೆ, ಇನ್ನೊಬ್ಬ ಮಡಚಿದ ತೋಳಿನ ಮೇಲೆ ಗದ್ದ ಊರಿದ್ದಾನೆ. ಇಬ್ಬರದೂ ಮೇಷ್ಟ್ರು ಯಾವಾಗ ಬೆಲ್ ಹೊಡೆಸುತ್ತಾರೋ ಅನ್ನುವ ಮುಖ. ನೀವೂ ನೋಡಿರುತ್ತೀರಿ, ಗ್ರೀಟಿಂಗ್ ಕಾರ್ಡ್, ಟೀ ಕಪ್ಪು, ಎಲ್ಲಾ ಕಡೆ ಇವರೇ. ರಾಫೆಲ್ 1512ರ ಸುಮಾರಿಗೆ ಬಿಡಿಸಿದ ‘ಸಿಸ್ಟೀನ್ ಮಡೋನಾ’ ಚಿತ್ರದ ತೀರಾ ಕೆಳಗಿನ ಅಂಚಿನಲ್ಲಿರುವ ಮಕ್ಕಳು ಇವರು. ಮೂಲ ಚಿತ್ರ ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಜನ ಇವರನ್ನು ‘ಚೆರಬ್’ ಅನ್ನುತ್ತಾರೆ. ನಮ್ಮ ಕನ್ನಡ ಬೈಬಲಿನ ಕೆರೂಬಿ, ಅಂದರೆ ಒಂದು ಬಗೆಯ ದೇವದೂತ.

ನನ್ನ ತಕರಾರು ಇರುವುದು ಇಲ್ಲೇ.

ಬೈಬಲಿನಲ್ಲಿ ಕೆರೂಬಿಯರು ಮೊದಲು ಬರುವುದು ಆದಿಕಾಂಡದ 3ನೇ ಅಧ್ಯಾಯದ ಕೊನೆಗೆ. ಆದಾಮ, ಹವ್ವರನ್ನು ಏದೆನ್ ತೋಟದಿಂದ ಹೊರಗೆ ಹಾಕಿ ಆಗಿದೆ. ಯಾರೂ ಮತ್ತೆ ಜೀವವೃಕ್ಷದ ಹತ್ತಿರ ಹೋಗಬಾರದು ಅಂತ ದೇವರು ಕಾವಲು ಹಾಕುತ್ತಾನೆ: ಕೆರೂಬಿಯರು, ಜೊತೆಗೆ ಎಲ್ಲಾ ಕಡೆಗೂ ತಿರುಗುವ ಬೆಂಕಿಯ ಕತ್ತಿ. ಪ್ರವಾದಿ ಯೆಹೆಜ್ಕೇಲನಿಗೆ ಕಂಡ ಕೆರೂಬಿಯರಿಗಂತೂ ಒಬ್ಬೊಬ್ಬರಿಗೂ ನಾಲ್ಕು ಮುಖ, ನಾಲ್ಕು ರೆಕ್ಕೆ. ಪಕ್ಕದಲ್ಲಿ ಮೈತುಂಬ ಕಣ್ಣಿರುವ ಚಕ್ರಗಳು. ಅಸೀರಿಯಾದ ಅರಮನೆ ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಗೂಳಿಗಳ ಫೋಟೋ ನೋಡಿದ್ದೀರಾ? ಮನುಷ್ಯನ ತಲೆ, ಹದ್ದಿನ ರೆಕ್ಕೆ. ಕೆರೂಬಿಯರು ಆ ವಂಶದವರು. ಕೆನ್ನೆ ಹಿಂಡಿ ಮುದ್ದು ಮಾಡುವಂಥವರಲ್ಲ.

ಈಗ ದರ್ಜೆಯ ವಿಷಯ. 5ನೇ ಶತಮಾನದ ಕೊನೆ, 6ನೇ ಶತಮಾನದ ಶುರುವಿನ ಹೊತ್ತಿಗೆ ಡಯೋನಿಸಿಯಸ್ ಅಂತ ಹೆಸರಿಟ್ಟುಕೊಂಡು ಒಬ್ಬ ಕ್ರೈಸ್ತ ಲೇಖಕ ದೇವದೂತರನ್ನು ಒಂಬತ್ತು ದರ್ಜೆಯಲ್ಲಿ ಸಾಲಾಗಿ ನಿಲ್ಲಿಸಿದ. ಎಲ್ಲರಿಗಿಂತ ಮೇಲೆ ಸೆರಾಫಿಯರು, ಆಮೇಲೆ ಕೆರೂಬಿಯರು. ಹಾಗಾದರೆ ‘ಪ್ರಧಾನ ದೂತ’ ಅಂತ ದೊಡ್ಡ ಹೆಸರು ಇಟ್ಟುಕೊಂಡವರು ಎಲ್ಲಿದ್ದಾರೆ? ಎಂಟನೆಯ ದರ್ಜೆಯಲ್ಲಿ! ಕೆಳಗಿನಿಂದ ಎರಡನೆಯದು. ಮರಿಯಳ ಮನೆಗೆ ಬಂದು ಯೇಸು ಹುಟ್ಟುವ ಸುದ್ದಿ ಹೇಳಿದ ಗಬ್ರಿಯೇಲನನ್ನು ಸಂಪ್ರದಾಯ ಕರೆಯುವುದು ಪ್ರಧಾನ ದೂತ ಅಂತಲೇ. ಸ್ವರ್ಗದಲ್ಲೂ ಊರೂರು ಓಡಾಡುವ ಕೆಲಸ ಕೆಳಗಿನ ಸಿಬ್ಬಂದಿಗೇ ಬಿದ್ದಿದೆ ನೋಡಿ. (ಈ ಪಟ್ಟಿ ಎಲ್ಲರಿಗೂ ಒಪ್ಪಿಗೆಯಾಗಿತ್ತು ಅಂದುಕೊಳ್ಳಬೇಡಿ. 12ನೇ ಶತಮಾನದ ಯಹೂದಿ ವಿದ್ವಾಂಸ ಮೈಮೊನಿಡಿಸ್ ಹತ್ತು ದರ್ಜೆ ಮಾಡಿ ಕೆರೂಬಿಯರನ್ನು ಒಂಬತ್ತಕ್ಕೆ ಇಳಿಸಿದ. ಹಿಂಬಡ್ತಿ ಅಲ್ಲೂ ಇದೆ.)

ಸರಿ, ಅಷ್ಟು ಮೇಲಿರುವವರು ಮಾಡುವುದಾದರೂ ಏನು? ವಿಮೋಚನಕಾಂಡದ 25ನೇ ಅಧ್ಯಾಯ ತೆಗೆಯಿರಿ. ಮಂಜೂಷದ, ಅಂದರೆ ದೇವರ ಆಜ್ಞೆಗಳನ್ನು ಇಡುವ ಪೆಟ್ಟಿಗೆಯ, ಮುಚ್ಚಳ ಹೇಗಿರಬೇಕು ಅಂತ ದೇವರು ಪ್ರವಾದಿ ಮೋಶೆಗೆ ಹೇಳುವ ಜಾಗ. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಚೊಕ್ಕ ಚಿನ್ನ. ಹೆಚ್ಚುಕಡಿಮೆ ನಮ್ಮ ಮನೆಯ ಟೀಪಾಯಿಯಷ್ಟು. ಅದರ ಎರಡು ತುದಿಗೆ ಚಿನ್ನವನ್ನು ಬಡಿದು ಮಾಡಿದ ಇಬ್ಬರು ಕೆರೂಬಿಯರು. ಎದುರುಬದುರು ನಿಂತಿದ್ದಾರೆ, ಆದರೆ ಕಣ್ಣು ಮುಚ್ಚಳದ ಮೇಲೆ. ರೆಕ್ಕೆ ಮೇಲಕ್ಕೆ ಚಾಚಿ ಮರೆ ಮಾಡಿದ್ದಾರೆ. ಆ ಇಬ್ಬರ ನಡುವೆ ಯಾವ ಮೂರ್ತಿಯೂ ಇಲ್ಲ. ಖಾಲಿ ಜಾಗ. ಅಲ್ಲಿಂದಲೇ ನಿನ್ನ ಜೊತೆ ಮಾತಾಡುತ್ತೇನೆ ಅನ್ನುತ್ತಾನೆ ದೇವರು. ಐದೇ ಅಧ್ಯಾಯ ಹಿಂದೆ ವಿಗ್ರಹ ಮಾಡಬೇಡಿ ಅಂದವನೂ ಅವನೇ, ಅಲ್ವಾ? ಆದರೆ ಈ ಬೊಂಬೆಗಳು ಪೂಜೆಗಲ್ಲ. ಇವು ಇರುವುದು ಆ ಖಾಲಿ ಜಾಗವನ್ನು ಕಾಯುವುದಕ್ಕೆ.

ಮುಂದೆ ಅರಸ ಸೊಲೊಮೋನ ದೇವಾಲಯ ಕಟ್ಟಿಸಿದಾಗ ಹತ್ತು ಮೊಳ ಎತ್ತರದ ಕೆರೂಬಿಯರನ್ನು ಎಣ್ಣೇಮರದಲ್ಲಿ (ಆಲಿವ್) ಮಾಡಿಸಿ ಚಿನ್ನ ಹೊದಿಸಿದ. ರೆಕ್ಕೆ ಈ ಗೋಡೆಯಿಂದ ಆ ಗೋಡೆಯವರೆಗೆ. ಇಷ್ಟೆಲ್ಲ ಇದ್ದರೂ ಕೆರೂಬಿಯರು ಒಬ್ಬ ಮನುಷ್ಯನಿಗೂ ಸಂದೇಶ ತಂದುಕೊಟ್ಟ ಕಥೆ ಬೈಬಲಿನಲ್ಲಿ ಇಲ್ಲ. ಸುಮ್ನೆ ನಿಂತಿರುತ್ತಾರೆ. ನನಗೆ ಅವರಲ್ಲಿ ತುಂಬಾ ಹಿಡಿಸಿದ್ದು ಅದೇ. ದೊಡ್ಡ ಹುದ್ದೆ ಸಿಕ್ಕಿತು ಅಂತ ಒಂದು ಮಾತು ಜಾಸ್ತಿ ಆಡಿಲ್ಲ.

ಮಗುವಿನ ಮುಖ ಪೂರ್ತಿ ರಾಫೆಲ್ ಕಾಲದವರ ತಪ್ಪು ಅಂತಲೂ ಹೇಳುವ ಹಾಗಿಲ್ಲ. ಕೆರೂಬಿ ಅಂದರೆ ‘ಮಗುವಿನ ಹಾಗೆ’ ಅಂತ ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಒಂದು ಅರ್ಥ ಇದೆ. ಚಿತ್ರಕಾರರು ಅದರ ಜೊತೆಗಿದ್ದ ಭಯವನ್ನು ಬಿಟ್ಟರು, ಅಷ್ಟೇ.

ಆ ಭಯ ಯಾಕೆ ಬೇಕು ಅಂತೀರಾ? ಯೆಹೆಜ್ಕೇಲನ ಪುಸ್ತಕದ 28ನೇ ಅಧ್ಯಾಯದಲ್ಲಿ ತೂರ್ ಅನ್ನುವ ಪಟ್ಟಣದ ಅರಸನಿಗೆ ಒಂದು ಶೋಕಗೀತೆ ಇದೆ. ಏದೆನ್‌ನಲ್ಲಿದ್ದ ಕೆರೂಬಿ ನೀನು, ನಿನ್ನ ಚೆಲುವಿನಿಂದಲೇ ಕೊಬ್ಬಿದೆ, ನಿನ್ನನ್ನು ಕೆಳಕ್ಕೆ ಎಸೆದೆ ಅನ್ನುವ ಅರ್ಥದ ಸಾಲುಗಳು. ಕ್ರೈಸ್ತರು ಇದನ್ನು ಸೈತಾನನ ಕಥೆ ಅಂತಲೂ ಓದಿಕೊಂಡರು. 13ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸೆರಾಫಿಯ ಹೆಸರಿನಲ್ಲಿ ಇರುವುದು ಪ್ರೀತಿಯ ಬೆಂಕಿ, ಕೆರೂಬಿಯ ಹೆಸರಿನಲ್ಲಿ ಇರುವುದು ತುಂಬಿದ ಜ್ಞಾನ. ಪ್ರೀತಿಯ ಜೊತೆ ಮಹಾಪಾಪ ಇರಲಾರದು, ಜ್ಞಾನದ ಜೊತೆ ಇರಬಹುದು. ಅದಕ್ಕೇ ಮೊದಲು ಬಿದ್ದವನನ್ನು ಕೆರೂಬಿ ಅನ್ನುತ್ತಾರೆ, ಸೆರಾಫಿ ಅನ್ನುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ನಮಗೆ ಜಯ ವಿಜಯರು ನೆನಪಾಗುತ್ತಾರೆ. ಅವರೂ ಬಾಗಿಲು ಕಾಯುವವರೇ, ಅವರೂ ಬಿದ್ದವರೇ. ಆದರೆ ಅವರಿಗೆ ಹಿರಣ್ಯಕಶಿಪು, ರಾವಣ, ಶಿಶುಪಾಲ ಅಂತ ಮೂರು ಜನ್ಮ ದಾಟಿ ವೈಕುಂಠಕ್ಕೆ ವಾಪಸ್ ಹೋಗುವ ದಾರಿ ಇತ್ತು. ಅಕ್ವಿನಾಸ್ ಹೇಳುವ ಕೆರೂಬಿಗೆ ಅದೂ ಇಲ್ಲ. ಅತ್ತ ಏದೆನ್ ಬಾಗಿಲಲ್ಲಿ ಬೆಂಕಿಯ ಕತ್ತಿಯ ಜೊತೆ ನಿಂತಿರುವವರು ಅವನದೇ ದರ್ಜೆಯವರು.